ಹೆಸರು ಕೊಟ್ಟು ತಂದ ಗಂಧಾರ

ಮೋಮಿನಪುರದ ಓಣಿಯಲ್ಲಿ ತಹರಿ ಅನ್ನದ ಹೋಟೆಲು ದಾಟಿ ನಾಲ್ಕು ಹೆಜ್ಜೆ ಹೋದರೆ ಸಲಾವುದ್ದೀನನ ಅಂಗಡಿ. ಅಂಗಡಿಗೆ ಹೆಸರಿಲ್ಲ. ಬಾಗಿಲ ಮೇಲೆ ನೇತುಹಾಕಿದ ಹರಕು ಹಾರ್ಮೋನಿಯಂ ತಿದಿಯೇ ಅದರ ಬೋರ್ಡು. ಕಲಬುರಗಿ ಸುತ್ತಿನ ಭಜನೆಯವರು, ಬಯಲಾಟದವರು, ಖವ್ವಾಲಿಯವರು, ಯಾರ ಪೇಟಿ ಕೆಟ್ಟರೂ ಅಲ್ಲಿಗೇ ಬರಬೇಕು. ಈ ಕಡೆ ಪೇಟಿಯೆಂದರೆ ಹಾರ್ಮೋನಿಯಮ್ಮೇ. ನಲವತ್ತು ವರ್ಷ ಅವನು ಕೂತ ಜಾಗದಲ್ಲಿ ನೆಲದ ಫರಸಿ ಸವೆದು ಸಣ್ಣಗೆ ತಗ್ಗು ಬಿದ್ದಿದೆ. ಅಂಗಡಿಯ ಹಿಂದೆ ಒಂದು ಪರದೆ, ಪರದೆಯ ಆಚೆ ಮನೆ. ಮನೆಯಲ್ಲಿ ಅವನು ಮತ್ತು ಹೆಂಡತಿ ಮಸ್ತಾನಬಿ.

ಅವನ ಕೆಲಸವೆಲ್ಲ ಹಿತ್ತಾಳೆ ನಾಲಿಗೆಗಳದು. ಪೇಟಿಯಲ್ಲಿ ಬೆರಳಿಂದ ಒತ್ತುವ ಒಂದೊಂದು ಮನೆಗೆ, ಅಂದರೆ ಒಂದೊಂದು ಸ್ವರಕ್ಕೆ, ಒಳಗೆ ಒಂದೊಂದು ನಾಲಿಗೆ ಇರುತ್ತದೆ. ಗಾಳಿ ಬಂದಾಗ ಅದು ನಡುಗಿ ದನಿ ಕೊಡುತ್ತದೆ. ಅರ ಹಿಡಿದು ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಎಷ್ಟು ಕೆರೆಯಬೇಕು ಎಂಬುದನ್ನು ಕಿವಿ ಹೇಳಬೇಕು. ಪುಡಿಯಾಗಿ ಉದುರಿದ ಹಿತ್ತಾಳೆ ಮರಳಿ ಅಂಟುವುದಿಲ್ಲ. ಆದ್ದರಿಂದ ಅವನ ಉಸ್ತಾದರು ಒಂದು ನೇಮ ಹಾಕಿಕೊಟ್ಟಿದ್ದರು: ಕಡೆಯ ಎರಡು ಗೀರು ಸಂಜೆ ಹಾಕಬಾರದು, ಬೆಳಿಗ್ಗೆ ಎದ್ದು ಯಾರ ಮಾತೂ ಕೇಳದ ಕಿವಿಯಿಂದ ಹಾಕಬೇಕು. ಹೋಗುವಾಗ ಅವರು ಎರಡು ಕಾಲಿನ ಒಂದು ಉಕ್ಕಿನ ಕವಲನ್ನೂ ಕೊಟ್ಟು ಹೋಗಿದ್ದರು. ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದರೆ ಅದು ಒಂದೇ ಸ್ವರ ನುಡಿಯುತ್ತದೆ, ಯಾವ ಕಾಲಕ್ಕೂ ಅದೇ ಸ್ವರ. ಸಲಾವುದ್ದೀನ್ ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಬಿಟ್ಟಿದ್ದ. ಆ ಸ್ವರ ತಲೆಯೊಳಗೇ ಇರುವಾಗ ಉಕ್ಕನ್ನು ಬಿಚ್ಚುವ ಪ್ರಸಂಗವೇ ಬರುತ್ತಿರಲಿಲ್ಲ.

ತೊಗರಿ ಹೂ ಬಿಡುವ ದಿನಗಳಲ್ಲಿ ಶೀಲಾ ಬಂದಳು. ಜಗತ್ ಸರ್ಕಲ್ ಹತ್ತಿರದ ಕಾಲೇಜೊಂದರಲ್ಲಿ ಸಂಗೀತ ಕಲಿಸುವವಳು. ಕಮಲಾಪುರದ ಕಡೆಯ ಹೆಂಗಸರ ಹಾಡುಗಳನ್ನು ನಾಲ್ಕು ವರ್ಷದಿಂದ ಸ್ವರ ಹಾಕಿ ಬರೆದುಕೊಳ್ಳುತ್ತಿದ್ದಳು. ಬಂದವಳೇ ದಪ್ಪ ನೋಟುಬುಕ್ಕನ್ನು ಅವನ ಮುಂದೆ ಬಿಚ್ಚಿ ಹಾಕಿದಳು.

"ಚಾಚಾ, ನಾ ಸೋತೆ ನೋಡ್ರಿ. ಇದು ಗಂಧಾರ. ಪೇಟಿಯಾಗಿನ ಮ್ಯಾಲಿನ ಗಂಧಾರ ಅಲ್ಲ, ಕೆಳಗಿಂದೂ ಅಲ್ಲ. ಎರಡರ ನಡುವ ನಿಂತದ. ಅದಕ್ಕ ಒಂದು ಬಾಣ ಬರದೆ. ಮುಂದಿನ ಪದದಾಗ ಜರಾ ಮ್ಯಾಲ ಬಂತು, ಎರಡು ಬಾಣ ಬರದೆ. ಈಗ ಓದಲಾಕ ಕುಂತ್ರ, ಒಂದು ಬಾಣ ಅಂದ್ರ ಎಷ್ಟು ಅಂತ ನನಗೇ ತಿಳೀವಲ್ದು."

ಸಲಾವುದ್ದೀನ್ ಪುಟ ತಿರುವಿ ನಕ್ಕ. "ಟ್ರಾಫಿಕ್ ಪೊಲೀಸರು ಸುದ್ದಾ ಇಷ್ಟು ಬಾಣ ಬಿಟ್ಟಿರಂಗಿಲ್ಲ ಬಿಡ್ರಿ."

"ನಗಬ್ಯಾಡ್ರಿ. ಒಂದು ಸಣ್ಣ ಪೇಟಿ ಮಾಡಿಕೊಡ್ರಿ. ಆರೇ ಆರು ನಾಲಿಗಿ. ಬುಕ್ಕಿನಾಗ ನಾ ಬಾಣ ಬಿಟ್ಟು ನಂಬರ್ ಬರೀತೀನಿ. ಓದೋರು ಆ ನಂಬರ್ ಮನಿ ಒತ್ತಿದ್ರ ಅಂಬಮ್ಮನ ಸ್ವರಾನೇ ಬರಬೇಕು, ನನ್ನ ಸ್ವರ ಅಲ್ಲ."

ಕಾಗದದ ಮೇಲೆ ನಿಲ್ಲದ್ದನ್ನು ಹಿತ್ತಾಳೆಯಲ್ಲಿ ನಿಲ್ಲಿಸುವ ಈ ಉಪಾಯ ಅವನಿಗೆ ಹಿಡಿಸಿತು. ಅಂಬಮ್ಮ ಕಮಲಾಪುರದ ಮುದುಕಿ. ಶೀಲಾಳ ಮೊಬೈಲಿನಲ್ಲಿ ಅವಳ ಬೀಸುವ ಪದ, ಸೋಬಾನ, ಜೋಗುಳ ಎಲ್ಲ ಇದ್ದವು. ಕೇಳಿ ಕೇಳಿ ಹದಿನೈದು ದಿನದಲ್ಲಿ ಐದು ನಾಲಿಗೆ ಕೆರೆದು ಮುಗಿಸಿದ. ಐದನೆಯದು ಜೋಗುಳದ ಗಂಧಾರ. ಅದು ಎಷ್ಟು ಮೆತ್ತಗೆ ನುಡಿಯಿತೆಂದರೆ ಪರದೆಯ ಆಚೆಯಿಂದ ಮಸ್ತಾನಬಿ, "ಕ್ಯಾ ಜೀ, ಯಾರನ್ನ ಮಲಗಿಸಾಕತ್ತೀರಿ?" ಎಂದು ಕೇಳಿದಳು.

ಆರನೆಯದು ಮೊಬೈಲಿನಲ್ಲಿರಲಿಲ್ಲ. ಅದು ಸಾವಿನ ಪದದ ಗಂಧಾರ, ಹೆಣದ ಮುಂದೆ ಕೂತು ಹೆಂಗಸರು ಹಾಡಿಕೊಂಡು ಅಳುವ ಪದದ್ದು. ಅದನ್ನು ಅಂಬಮ್ಮ ಮೊಬೈಲಿಗೆ ಕೊಡುವುದಿಲ್ಲ ಎಂದಿದ್ದಳು. ಬೇಕಾದವರು ಬಂದು ಕೇಳಿಕೊಂಡು ಹೋಗಬಹುದು.

ಇಬ್ಬರೂ ಒಂದು ಮುಂಜಾನೆ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದರು. ಸಂತೆಯ ದಿನ. ಬಸ್ ನಿಲ್ದಾಣದ ಎದುರು ಕೆಂಬಾಳೆಯ ಗೊನೆಗಳು ಹಗ್ಗದ ಮೇಲೆ ತೂಗುತ್ತಿದ್ದವು. ಊರ ಕಡೆಯ ಸಾಲಿನಲ್ಲಿ ಅಂಬಮ್ಮನ ಮನೆ. ಕಟ್ಟೆಯ ಮೇಲೆ ಕೂತು ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದವಳು ತಲೆಯೆತ್ತದೆ ಸೊಸೆಯನ್ನು ಕೂಗಿದಳು.

"ಭೀಮಬಾಯಿ, ಇವರ ಮೊಬೈಲ್ ಇಸಗೊಂಡು ಜ್ವಾಳದ ಗುಮ್ಮಿಯಾಗ ಇಡವ್ವ. ಕಾಳಿನೊಳಗ ಹುಗದಿಡು."

"ಅಷ್ಟ್ಯಾಕ ಅಂಜತೀರಿ ಆಯಿ?" ಎಂದಳು ಶೀಲಾ.

"ಅಂಜಿಕಿ ಅಲ್ಲವ್ವ. ನಿಮ್ಮ ಮೊಬೈಲಿಗಿ ಹೊತ್ತು ಗೊತ್ತು ಅದಾ? ನಾಳಿ ಯಾರರ ಮದವಿ ಮನ್ಯಾಗ ಕುಂತು ಒತ್ತಿದ್ರಂದ್ರ? ಅರಿಶಿಣ ಹಚಗೊಂಡ ಹುಡುಗಿ ಮುಂದ ನಾ ಅಳಲಾಕತ್ತಿರತೀನಿ."

ಮನೆಯ ಸೂರಿನ ಕೆಳಗೆ ಆ ಪದ ಎತ್ತಬಾರದು. ಅವರನ್ನು ಊರ ಹೊರಗೆ, ತೊಗರಿ ಹೊಲದ ಬದುವಿಗೆ ಕರೆದುಕೊಂಡು ಹೋದಳು. ಬೇವಿನ ನೆರಳಿನಲ್ಲಿ ಒಂದು ಕಾಲುವೆ ಸಣ್ಣಗೆ ಹರಿಯುತ್ತಿತ್ತು. ತೆಂಕಣ ದಿಕ್ಕಿಗೆ ಮುಖ ಮಾಡಿ ಕೂತು, ಸೆರಗು ಹೊದ್ದುಕೊಂಡಳು.

"ಹೂಂ. ಯಾರಿಗಿ ಹಾಡ್ಲಿ?"

"ಯಾರಿಗೂ ಬ್ಯಾಡ ಆಯಿ. ಸುಮ್ನ ಹಾಡ್ರಿ, ಸ್ವರ ಬಂದ್ರ ಸಾಕು."

"ಸುಮ್ನ ಹ್ಯಾಂಗ ಹಾಡ್ಲೆವ್ವ? ಪದದಾಗ ಹೆಸರಿನ ಜಾಗ ಅದ. ಅಲ್ಲಿ ಒಂದು ಹೆಸರ ಇಟ್ರೇ ದನಿ ಕುಂದರತಾದ. ನಿನಗ ಬೇಕಾದ ಸ್ವರ ಬರೂದೂ ಅಲ್ಲೇ."

ಶೀಲಾ ತೀರಿಹೋದ ತನ್ನ ತಂದೆಯ ಹೆಸರು ಹೇಳಿದಳು. ಅಂಬಮ್ಮ ಆಗದೆಂದು ತಲೆಯಾಡಿಸಿದಳು. "ಅವರಿಗಿ ಆಗಲೇ ಅತ್ತು ಕಳಿಸ್ಯಾರ. ಅತ್ತವರಿಗಿ ಮತ್ತ ಅತ್ರ ಹೊಂಟ ದಾರಿ ಬಿಟ್ಟು ತಿರುಗಿ ನೋಡತಾರ. ಇದ್ದವರ ಹೆಸರು ಹೇಳು."

ಶೀಲಾ ಪೆನ್ಸಿಲು ಹಿಡಿದು ನೋಟುಬುಕ್ಕನ್ನೇ ನೋಡುತ್ತಿದ್ದಳು. ನಾಲ್ಕು ವರ್ಷದ ಕೆಲಸ. ಅವಳು ತನ್ನದೇ ಹೆಸರು ಹೇಳಲು ಬಾಯಿ ತೆರೆಯುತ್ತಿರುವುದು ಸಲಾವುದ್ದೀನನಿಗೆ ಕಂಡಿತು. ಅವಳಿಗೆ ಶಾಲೆಗೆ ಹೋಗುವ ಮಗಳಿದ್ದಾಳೆ.

"ನನ್ನ ಹೆಸರ ಹಿಡೀರಿ ಆಯಿ," ಎಂದುಬಿಟ್ಟ. "ಸಲಾವುದ್ದೀನ್. ನಮ್ಮ ಮಂದಿ ನನಗ ಇಷ್ಟು ಛಂದ ಅಳ್ತಾರೋ ಇಲ್ಲೋ, ಮೊದಲೇ ಕೇಳಿಬಿಡ್ತೀನಿ."

ಅಂಬಮ್ಮ ನಗಲಿಲ್ಲ. "ಒಬ್ಬರಿಗಿ ಒಂದೇ ಸಲ, ತಮ್ಮಾ. ಮತ್ತ ಬಂದು ಕೇಳಿದ್ರ ನಾ ಹಾಡಂಗಿಲ್ಲ. ತಿಳೀತಾ?"

"ತಿಳೀತ್ರೀ."

ಅವಳು ಎತ್ತಿಕೊಂಡಳು. ಎಂಬತ್ತರ ಗಂಟಲು, ಮೊದಲು ಬರೀ ಗಾಳಿ. ಆಮೇಲೆ ಗಾಳಿಯೊಳಗಿಂದ ದನಿ ಕಾಲೂರಿ ಎದ್ದಿತು.

ಬಾಗಿಲು ತೆರೆದಾದ, ಬಂದವರು ಕುಂತಾರ,
ಏಳೋ ನನ ತಮ್ಮ ಸಲಾವುದ್ದೀನಾ,
ಎಡಿ ಮಾಡಿ ಇಟ್ಟೀನಿ, ಎದ್ದು ಕೈ ತೊಳಕೊಳ್ಳೊ.

'ಏಳೋ' ಎಂಬಲ್ಲಿ ಆ ಗಂಧಾರ ಬಂತು. ಜೋಗುಳದ ಗಂಧಾರಕ್ಕಿಂತ ಒಂದು ಕೂದಲೆಳೆ ಮೇಲೆ. ಅಷ್ಟೇ. ಆದರೆ ಆ ಎಳೆಯಷ್ಟು ಜಾಗದಲ್ಲಿ ಎಷ್ಟೋ ಮನೆಗಳ ಬಾಗಿಲು ತೆರೆದು, ಜನ ಬಂದು ಕೂತಂತಿತ್ತು. ತನ್ನ ಹೆಸರು ಯಾರದೋ ಹೆಸರಿನಂತೆ ಕೇಳಿಸಿತು. ಶೀಲಾ 'ಗ' ಎಂದು ಬರೆದು ಮೂರು ಬಾಣ ಹಾಕಿದಳು, ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದಳು. ಅವನು ಕಣ್ಣು ಮುಚ್ಚಿ ಸ್ವರವನ್ನು ಗಂಟಲಿಗೆ ತೆಗೆದುಕೊಂಡು ಸಣ್ಣಗೆ ಗುನುಗತೊಡಗಿದ. ಬಿಟ್ಟರೆ ಜಾರುತ್ತದೆ ಎಂದು ಅವನಿಗೆ ಗೊತ್ತಿತ್ತು.

ಪದ ಮುಗಿಸಿ ಅಂಬಮ್ಮ ಕಾಲುವೆಗೆ ಬಗ್ಗಿ ಮುಖ ತೊಳೆದಳು. "ನೀವೂ ಮಾರಿ ತೊಳಕೊಳ್ರಿ. ತೊಳೀದ ಮನಿಗಿ ಹೋಗಬಾರದು."

ಶೀಲಾ ತೊಳೆದಳು. ಸಲಾವುದ್ದೀನ್ ಗುನುಗುತ್ತಲೇ ಕೈಯಿಂದ ಆಮೇಲೆ ಎಂಬಂತೆ ಸನ್ನೆ ಮಾಡಿದ. ನೀರು ಮುಟ್ಟಿದರೆ, ಮಾತಾಡಿದರೆ ಸ್ವರ ಕದಲೀತು. ಅಂಬಮ್ಮ ಅವನ ತೊಳೆಯದ ಮುಖವನ್ನೊಮ್ಮೆ ನೋಡಿ ಊರ ಕಡೆ ತಿರುಗಿದಳು. ಬಸ್ಸಿನಲ್ಲೂ ಅವನು ಗುನುಗುತ್ತಲೇ ಬಂದ. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವನನ್ನು ಒಂದೆರಡು ಸಲ ನೋಡಿ, ಬುಟ್ಟಿ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.

ಸಂಜೆ ಅಂಗಡಿಯಲ್ಲಿ ಕೂತು ಆರನೆಯ ನಾಲಿಗೆ ಕೆರೆದ. ಬಹಳ ಹತ್ತಿರಕ್ಕೆ ಬಂತು, ಜೋಗುಳದ್ದಕ್ಕೆ ಸರಿಯಾಗಿ ಬಂದು ನಿಂತಿತು. ಇನ್ನು ತುದಿಗೆ ಎರಡೇ ಗೀರು. ಉಸ್ತಾದರ ನೇಮದಂತೆ ಅರವನ್ನು ಕೆಳಗಿಟ್ಟ. ಬೆಳಿಗ್ಗೆ ಹಾಕಿದರಾಯಿತು.

ಬೆಳಿಗ್ಗೆ ಅಂಗಡಿಗೆ ಬಂದು ಕೂತಾಗ ಉಳ್ಳಾಗಡ್ಡಿ ಸೀದ ವಾಸನೆ ಬಂತು. ಎಣ್ಣೆಯಲ್ಲಿ ಕಪ್ಪಾಗಿ ಹೋದ ಈರುಳ್ಳಿ, ಮೂಗಿನ ಒಳಗೇ ಇಟ್ಟಂತೆ. "ಮಸ್ತಾನ್, ಸೀದ್ತು ನೋಡು," ಎಂದು ಕೂಗಿದ್ದಷ್ಟೇ ಅವನಿಗೆ ನೆನಪು. ಆಮೇಲಿನದು ಮಸ್ತಾನಬಿ ಹೇಳಿದ್ದು: ನೆಲಕ್ಕೆ ಬಿದ್ದಿದ್ದ, ಕೈಕಾಲು ಬಡಿಯುತ್ತಿದ್ದವು, ಹಲ್ಲಿನ ನಡುವೆ ನಾಲಿಗೆ ಸಿಕ್ಕು ಗಡ್ಡವೆಲ್ಲ ರಕ್ತ. ಒಲೆಯ ಮೇಲೆ ಬರೀ ಚಹದ ನೀರು ಇತ್ತು. ಉಳ್ಳಾಗಡ್ಡಿ ಯಾರೂ ಹೆಚ್ಚಿರಲಿಲ್ಲ.

ಡಾಕ್ಟರು ತಲೆಯ ಫೋಟೋ ತೆಗೆಸಿದರು. ಫಿಟ್ಸ್ ಎಂದರು. ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ, ಒಂದು ದಿನವೂ ತಪ್ಪಿಸುವಂತಿಲ್ಲ, ಮತ್ತೆ ಆ ವಾಸನೆ ಬಂದರೆ ತಕ್ಷಣ ಕೂತುಬಿಡಬೇಕು, ಹತ್ತಿರ ಹರಿತವಾದ್ದು ಏನೂ ಇರಬಾರದು ಎಂದರು.

ಹತ್ತು ದಿನ ಹಾಸಿಗೆಯಲ್ಲಿ ಕಳೆದು ಅಂಗಡಿ ತೆರೆದ. ಮಧ್ಯಾಹ್ನದ ಅಜಾನ್ ಕೇಳಿಸಿದಾಗ ಕೈಯಲ್ಲಿದ್ದ ಕೆಲಸ ನಿಂತಿತು. ಕೂಗುತ್ತಿದ್ದವನು ಓಣಿಯ ಮಸೀದಿಯ ನಬಿಸಾಬನೇ, ದನಿ ಅವನದೇ. ಆದರೆ ಯಾವಾಗಲೂ ನಿಲ್ಲುವ ಮೆಟ್ಟಿಲಿನಿಂದ ಒಂದು ಮೆಟ್ಟಿಲು ಇಳಿದು ಕೂಗಿದಂತಿತ್ತು. ನೆಗಡಿ ಆಗಿರಬೇಕು ಎಂದುಕೊಂಡ. ಆರನೆಯ ನಾಲಿಗೆಯನ್ನು ಬಾಯಿಗೆ ಹಿಡಿದು ಊದಿದ. ಅದೂ ಇಳಿದಿತ್ತು, ತಲೆಯೊಳಗಿನ ಗಂಧಾರಕ್ಕಿಂತ ಬಹಳ ಕೆಳಗೆ. ಎರಡು ಗೀರಲ್ಲ, ಇಪ್ಪತ್ತು ಗೀರು ಬೇಕು. ಹಿತ್ತಾಳೆ ಇಟ್ಟಲ್ಲೇ ಇಳಿಯುತ್ತದೆಯೇ? ಚಳಿಗಾಲ, ಕಾದು ನೋಡೋಣ ಎಂದು ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟ. ಅದರ ಬದಲು ಖಂಡೆಪ್ಪನ ಪೇಟಿ ಕೈಗೆತ್ತಿಕೊಂಡ. ಖಂಡೆಪ್ಪ ಒಂದು ಭಜನಾ ಮಂಡಳಿಯ ಹಿರಿಯ. ಅವನ ಪೇಟಿಗೆ ನಾಲಿಗೆಗಳನ್ನೆಲ್ಲ ಹೊಸದಾಗಿ ಕೂರಿಸಬೇಕಿತ್ತು. ಸಲಾವುದ್ದೀನ್ ಎಂದಿನಂತೆ ತಲೆಯೊಳಗಿನ ಸ್ವರ ಹಿಡಿದು ಕೂರಿಸಿ ಕೊಟ್ಟ.

ನಾಲ್ಕನೆಯ ದಿನಕ್ಕೆ ಖಂಡೆಪ್ಪ ಪೇಟಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಂದ.

"ಏನ್ರಿ ಸಾಬ್ರೇ, ನಮ್ಮ ಮ್ಯಾಲ ಏನರ ಸಿಟ್ಟದಾ?"

"ಯಾಕ, ಏನಾಯ್ತು?"

"ಏನಾಯ್ತು ಅಂತ ಕೇಳ್ತೀರಿ? ಸೋಮವಾರ ಭಜನಿಗಿ ಕುಂತ್ರ ಒಬ್ಬನ ದನೀನೂ ಮ್ಯಾಲ ಏರವಲ್ದು. ನಮ್ಮ ಯಶವಂತ ಅಂತೂ ಕೋಳಿ ಕುತಗಿ ಹಿಚಿಕಿದಾಂಗ ಒದರಿದ. ಹೆಣ್ಮಕ್ಕಳು ಸೆರಗ ಬಾಯಿಗಿ ಹಿಡಕೊಂಡು ನಕ್ಕರು. ತಬಲಾ ಕೂಡಸಬೇಕಂದ್ರ ತಬಲಾನೂ ಕೂಡವಲ್ದು. ಅರ್ಧ ಸ್ವರ ಮ್ಯಾಲ ನಿಂತಾದ ನಿಮ್ಮ ಪೇಟಿ."

"ಇಲ್ಲ, ಸಾಧ್ಯ ಇಲ್ಲ."

"ಸಾಧ್ಯ ಇಲ್ಲಂತ ನಾನೂ ಅಂದೆ. ಸಲಾವುದ್ದೀನ್ ಸಾಬ್ರ ಕಿವಿ ತಪ್ಪಂಗಿಲ್ಲ, ನಮ್ಮ ಗಂಟಲಾನೇ ಕೆಟ್ಟಾವ ಅಂತ ಎಲ್ಲಾರಿಗೂ ಬಿಸಿನೀರ ಕುಡಿಸಿದೆ!" ಖಂಡೆಪ್ಪ ನಕ್ಕ. ಆಮೇಲೆ ಇವನ ಮುಖ ನೋಡಿ ನಗು ನಿಲ್ಲಿಸಿದ. "ಇರಲಿ ಬಿಡ್ರಿ. ಮೈಯಾಗ ಆರಾಮ ಇರಲಿಲ್ಲ ನಿಮಗ. ಇಟ್ಟು ಹೋಗ್ತೀನಿ, ನಿಧಾನ ನೋಡ್ರಿ."

ಅವನು ಹೋದ ಮೇಲೆ ಸಲಾವುದ್ದೀನ್ ಉಸ್ತಾದರ ಉಕ್ಕಿನ ಕವಲನ್ನು ಬಟ್ಟೆಯಿಂದ ಬಿಚ್ಚಿ, ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದ.

ಕವಲು ಇಳಿದಿತ್ತು.

ಮತ್ತೆ ಬಡಿದ. ಎಡಗಿವಿಗೆ ಹಿಡಿದ, ಬಲಗಿವಿಗೆ ಹಿಡಿದ. ನಲವತ್ತು ವರ್ಷ ತಲೆಯೊಳಗೆ ನಿಂತ ಸ್ವರ ಒಂದು ಕಡೆ, ಉಕ್ಕು ನುಡಿಯುವ ಸ್ವರ ಅದಕ್ಕಿಂತ ಅರ್ಧ ಸ್ವರ ಕೆಳಗೆ. ಬಾಗಿಲ ಬಳಿ ಹೋಗಿ ನಿಂತು ಓಣಿಯನ್ನು ಕೇಳಿಸಿಕೊಂಡ. ಸೈಕಲ್ ಗಂಟೆ ಇಳಿದಿತ್ತು. ಆಟೋದ ಹಾರನ್ನು ಇಳಿದಿತ್ತು. ಪಕ್ಕದ ಅಂಗಡಿಯ ಹೊಲಿಗೆ ಮಷೀನು ಇಳಿದಿತ್ತು. ಒಳಗಿನಿಂದ ಮಸ್ತಾನಬಿ, "ಅಜೀ, ಊಟ ತಣ್ಣಗಾಗ್ತದ," ಎಂದು ಕೂಗಿದಳು. ಅವಳ ದನಿಯೂ ಒಂದು ಮೆಟ್ಟಿಲು ಕೆಳಗಿನಿಂದ ಬಂತು, ತಗ್ಗಿನಲ್ಲಿ ಇಳಿದು ನಿಂತವರು ಕೂಗಿದ ಹಾಗೆ.

ಕವಲನ್ನು ಜೇಬಿನಲ್ಲಿಟ್ಟುಕೊಂಡು ಜಗತ್ ಹತ್ತಿರದ ಶೀಲಾಳ ಮನೆಗೆ ಹೋದ. ಅವಳ ಮೊಬೈಲಿನಲ್ಲಿ ಸ್ವರ ಅಳೆಯುವ ಒಂದು ಸೂಜಿ ಇತ್ತು. ಕವಲನ್ನು ಬಡಿದು ಅದರ ಮುಂದೆ ಹಿಡಿದ. ಸೂಜಿ ನಟ್ಟನಡುವೆ ಬಂದು ನಿಂತಿತು, ಅಲುಗಲಿಲ್ಲ.

"ಬರೋಬ್ಬರಿ ಅದಲ್ಲ ಚಾಚಾ. ಯಾಕ, ಸಂಶೆ ಬಂತಾ?"

"ಏನಿಲ್ಲವ್ವ. ಹಳೇದು, ಒಮ್ಮೆ ನೋಡೋಣಂತ ತಂದೆ."

ಶೀಲಾ ಚಹ ಕೊಟ್ಟಳು. ಅವನು ಕುಡಿಯದೆ ಕವಲನ್ನು ಮತ್ತೊಮ್ಮೆ ಬಡಿದು ಕಿವಿಗೆ ಹಿಡಿದ. "ಆರನೇ ನಾಲಿಗಿ ನಿಮಗ ಭಾಳ ಕಾಡಲಾಕತ್ತದ ಅನಸ್ತದ," ಎಂದಳು ಅವಳು. "ಆ ಸೂಜಿಗಿ ತೋರಸೋಣಂದ್ರ ಪದಾನೇ ಇಲ್ಲ ನಮ್ಮ ಹತ್ರ. ಬಿಡ್ರಿ ಚಾಚಾ. ಜೋಗುಳದ್ದಕ್ಕೂ ಅದಕ್ಕೂ ಎಷ್ಟು ಫರಕದ? ಎರಡಕ್ಕೂ ಐದನೇ ನಂಬರೇ ಹಾಕಿಬಿಡ್ತೀನಿ. ಯಾರಿಗಿ ತಿಳೀತದ?"

"ತೊಟ್ಟಲದ ಸ್ವರ ಹೆಣದ ಮುಂದ ಹಚ್ತೀರೇನ್ರಿ?" ಅವನ ದನಿ ಏರಿತ್ತು. ಶೀಲಾ ಬೆಚ್ಚಿ ನೋಡಿದಳು. ಅವನು ತಗ್ಗಿಸಿ, "ಮಾಡಿಕೊಡ್ತೀನಿ. ಹದಿನೈದು ದಿನ ಕೊಡ್ರಿ," ಎಂದ.

ಹಿಂದಿರುಗುವ ದಾರಿಯಲ್ಲಿ ಡಾಕ್ಟರನ್ನು ಕಂಡ. ಹರೆಯದ ಡಾಕ್ಟರು. ಇವನು ಹೇಳಿದ್ದನ್ನು ಕೇಳಿ ಪೆನ್ನು ಕೆಳಗಿಟ್ಟರು. "ಈ ಗುಳಿಗಿಯಿಂದ ಕೆಲವೊಬ್ಬರಿಗೆ ಸ್ವರ ಕೆಳಗೆ ಕೇಳಿಸ್ತದ ಅಂತ ಓದೀನಿ. ಇಲ್ಲಿ ತನಕ ಯಾರೂ ಬಂದು ಹೇಳಿರಲಿಲ್ಲ. ನಿಮ್ಮಂಥವರಿಗೇ ಅದು ಗೊತ್ತಾಗೋದು. ಬೇರೆ ಗುಳಿಗಿಗೆ ಬದಲಿಸೋಣ, ಆದರೆ ನಿಧಾನ. ಇದನ್ನ ಇಳಸ್ತಾ ಅದನ್ನ ಏರಸ್ತಾ ಎರಡು ತಿಂಗಳು ಬೇಕು. ಒಮ್ಮಿಂದೊಮ್ಮೆ ಮಾತ್ರ ಬಿಡಬ್ಯಾಡ್ರಿ. ಬಿಟ್ರ ಈ ಸಲ ಬಂದ ಫಿಟ್ಸ್ ಹೋದ ಸಲದಂಗ ತಾನಾಗೇ ಬಿಟ್ಟು ಹೋಗಂಗಿಲ್ಲ, ಜೀವಕ್ಕೇ ಬರಬಹುದು."

ಎರಡು ತಿಂಗಳು. ದಿನವೂ ಬೆಳಿಗ್ಗೆ ಎದ್ದು ಅವನು ಆ ಗಂಧಾರವನ್ನು ಗುನುಗಿ ನೋಡುತ್ತಿದ್ದ. ತಲೆಯೊಳಗಿನದು ಒಂದು ಕಡೆ ನಿಲ್ಲುತ್ತಿತ್ತು, ಗಂಟಲಿನಿಂದ ಬಂದದ್ದು ಕಿವಿಗೆ ಇನ್ನೊಂದು ಕಡೆ ಬೀಳುತ್ತಿತ್ತು. ಎರಡರ ನಡುವೆ ಎಳೆದಾಡಿ ಅದು ದಿನದಿನಕ್ಕೆ ಮಸಕಾಗುತ್ತಿತ್ತು. ಇನ್ನು ಎರಡು ತಿಂಗಳಿಗೆ ಏನೂ ಉಳಿದಿರುವುದಿಲ್ಲ.

ಉಳಿದದ್ದು ಒಂದೇ ದಾರಿ ಎನಿಸಿ ಮಾರನೆಯ ದಿನ ಒಬ್ಬನೇ ಕಮಲಾಪುರದ ಬಸ್ಸು ಹತ್ತಿದ. ತೊಗರಿ ಒಣಗಿ ಕೊಯ್ಲಿಗೆ ಬಂದಿತ್ತು. ಅಂಬಮ್ಮ ಅದೇ ಕಟ್ಟೆಯ ಮೇಲೆ ಕೂತಿದ್ದಳು.

"ಬಾ ತಮ್ಮಾ. ಗಟ್ಟಿ ಅದೀಯಲ್ಲ," ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕಳು.

"ಇನ್ನೊಮ್ಮೆ ಹಾಡ್ರಿ ಆಯಿ. ಒಂದೇ ಸಾಲು. ನನ್ನ ಕಿವಿಗಿ ಈಗ ಎಲ್ಲಾ ಇಳಿದೇ ಕೇಳಸ್ತದ, ನಿಮ್ಮ ದನೀನೂ ನಾಲಿಗೀನೂ ಎರಡೂ ಹೋಲಿಸಿ ಕೂಡಸ್ತೀನಿ. ನನ್ನ ಹೆಸರೇ ಇಡ್ರಿ."

ನಗು ಹೋಯಿತು. "ಅವತ್ತೇ ಹೇಳಿದ್ದೆ. ಒಂದೇ ಹೆಸರಿಗಿ ಎರಡನೇ ಸಲ ಹಾಡೂದು ಹೆಣ ಮುಂದಿದ್ದಾಗ. ಅವತ್ತ ನಾನೇ ಬರ್ತೀನಿ ಬಿಡು, ಬಸ್ಸಿಗಿ. ಈಗ ಬೇಕಂದ್ರ ಬ್ಯಾರೆ ಹೆಸರ ಹೇಳು."

ಅವನು ಕೂತ. ಬ್ಯಾರೆ ಹೆಸರು. ಬಯ್ದು ಹೋದ ಗಿರಾಕಿಗಳು, ಮಾತು ಬಿಟ್ಟ ಬೀಗರು, ಒಬ್ಬೊಬ್ಬರಾಗಿ ಮನಸ್ಸಿಗೆ ಬಂದು ಮುಖ ತೋರಿಸಿ ಹೋದರು. ಹಾಗೆ ಬರುತ್ತ ಬರುತ್ತ, ಕರೆಯದೆಯೇ, ದಿನಕ್ಕೆ ಹತ್ತು ಸಲ ಆಡುವ ಹೆಸರು ಬಾಯಿಯ ತುದಿಗೆ ಬಂದು ನಿಂತಿತು: ಮಸ್ತಾನ್. ತುಟಿ ಕೂಡಿಯೂ ಬಿಟ್ಟಿದ್ದವು.

ಅಂಗೈಯಿಂದ ಬಾಯಿ ಒತ್ತಿ ಹಿಡಿದು ಎದ್ದುಬಿಟ್ಟ. ಭೀಮಬಾಯಿ ನೀರು ತಂದು ಚೊಂಬು ಹಿಡಿದು ನಿಂತೇ ಇದ್ದಳು. ಕುಡಿಯದೆ ನಡೆದ.

"ಮಾರಿ ತೊಳಕೊಂಡು ಹೋಗು, ಅವತ್ತೂ ತೊಳಿಲಿಲ್ಲ!" ಎಂದು ಅಂಬಮ್ಮ ಹಿಂದಿನಿಂದ ಕೂಗಿದಳು. ಆ ದನಿಯೂ ತಗ್ಗಿನಿಂದ ಬಂತು.

ಸಂಜೆಯ ಗುಳಿಗೆಯನ್ನು ಅವನು ನುಂಗಲಿಲ್ಲ. ಮಸ್ತಾನಬಿ ನೀರು ಕೊಟ್ಟು ಎದುರು ನಿಂತಿರುತ್ತಿದ್ದಳು. ಗುಳಿಗೆಯನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು ನೀರು ಕುಡಿದು, ಅಂಗಡಿಗೆ ಬಂದು, ಬಾಗಿಲ ಮೇಲಿನ ಹರಕು ತಿದಿಯ ಮಡಿಕೆಯಲ್ಲಿ ಉಗಿದ. ಮರುದಿನ ಎರಡು. ಅದರ ಮರುದಿನ ಎರಡು. ಗಾಳಿಗೆ ತಿದಿ ಅಲ್ಲಾಡಿದಾಗ ಒಳಗೆ ಗುಳಿಗೆಗಳು ಕಾಳಿನಂತೆ ಸದ್ದು ಮಾಡುತ್ತಿದ್ದವು.

"ಇಲಿ ಸೇರ್ಯಾದೇನು ಜೀ ಅದರಾಗ?" ಎಂದಳು ಮಸ್ತಾನಬಿ.

"ನಕ್ಕೋ, ಬ್ಯಾಡ, ಕೈ ಹಾಕಬ್ಯಾಡ. ನಾ ನೋಡ್ತೀನಿ."

ಮೂರನೆಯ ದಿನ ಸೈಕಲ್ ಗಂಟೆ ಸ್ವಲ್ಪ ಮೇಲೆ ಬಂದಂತಾಯಿತು. ನಾಲ್ಕನೆಯ ದಿನ ಅಜಾನ್ ಮುಕ್ಕಾಲು ಮೆಟ್ಟಿಲು ಏರಿತು. ಐದನೆಯ ದಿನದ ಬೆಳಿಗ್ಗೆ ಕವಲನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದಾಗ ಉಕ್ಕಿನ ಸ್ವರವೂ ತಲೆಯ ಸ್ವರವೂ ಒಂದರ ಮೇಲೊಂದು ಬಂದು ಕೂತವು. ಅವನ ಕಣ್ಣಲ್ಲಿ ನೀರು ಬಂತು. ಪರದೆಯ ಆಚೆ ಮಸ್ತಾನಬಿ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದಳು. 'ಹೌ, ಹೌ' ಎನ್ನುವ ಅವಳ ದನಿ ತಗ್ಗಿನಿಂದ ಮೇಲೆ ಬಂದು ತನ್ನ ಜಾಗದಲ್ಲಿ ನಿಂತಿತ್ತು. ಇಷ್ಟು ದಿನ ಅವಳ ದನಿಯನ್ನು ತಾನು ಕೇಳಿರಲೇ ಇಲ್ಲ ಎನಿಸಿತು. ಶೀಲಾಳಿಗೆ ಫೋನು ಮಾಡಿ, "ಹತ್ತಕ್ಕ ಬರ್ರಿ, ಪೇಟಿ ತಯಾರ ಅದ," ಎಂದ.

ಆರನೆಯ ನಾಲಿಗೆಯನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡ. ಊದಿದ. ಜೋಗುಳದ ಗಂಧಾರ. ಕಣ್ಣು ಮುಚ್ಚಿ ತೊಗರಿ ಹೊಲದ ಬದುವಿಗೆ ಹೋಗಿ ಕೂತ. ಕಾಲುವೆಯ ಸಪ್ಪಳ, ಬೇವು, ಸೆರಗು ಹೊದ್ದ ಮುದುಕಿ. ಮಸುಕು ಒಂದೊಂದಾಗಿ ಸರಿದು ಸ್ವರ ಬಂತು. ಅರದಿಂದ ತುದಿಗೆ ಒಂದು ಗೀರು. ಊದಿದ. ಇನ್ನೊಂದು ಗೀರು, ಉಸಿರು ಬಿಗಿಹಿಡಿದು. ಹಿತ್ತಾಳೆಯ ಪುಡಿ ಬೆಳಕಿನಲ್ಲಿ ಸಣ್ಣಗೆ ಹೊಳೆದು ಮೊಣಕಾಲ ಮೇಲೆ ಬಿತ್ತು.

ಸಣ್ಣ ಪೇಟಿಯಲ್ಲಿ ಅದನ್ನು ಕೂರಿಸಿ, ಮೊಳೆ ಬಿಗಿದು, ತಿದಿ ಎಳೆದು ಆರನೆಯ ಮನೆ ಒತ್ತಿದ.

ಏಳೋ.

ಹಿತ್ತಾಳೆ ಅಂದದ್ದು ಅದನ್ನೇ. ಕೂದಲೆಳೆಯೂ ಆಚೀಚೆ ಇಲ್ಲ. ಬಾಗಿಲು ತೆರೆದಿದೆ, ಬಂದವರು ಕೂತಿದ್ದಾರೆ, ಎಡೆ ಮಾಡಿ ಇಟ್ಟಿದೆ. ಬೆರಳು ತೆಗೆಯಲು ಮನಸ್ಸು ಬರಲಿಲ್ಲ. ತಿದಿಯ ಗಾಳಿ ಮುಗಿಯುವ ತನಕ ಸ್ವರ ಹಾಗೇ ಅಂಗಡಿಯಲ್ಲಿ ನಿಂತಿತ್ತು. ಅದರ ಹಿಂದೆಯೇ, ಅದೇ ಗಾಳಿಯಲ್ಲಿ ಬಂದಂತೆ, ಮೂಗಿಗೆ ಏನೋ ತಾಗಿತು.

"ಮಸ್ತಾನ್," ಎಂದ. ದನಿ ಮೆಲ್ಲಗಿತ್ತು. "ಒಲಿ ಮ್ಯಾಲ ಏನಿಟ್ಟೀ?"

"ಒಲಿ ಎಲ್ಲಿ ಹಚ್ಚೀನಿ ಜೀ? ನಂದು ಇವತ್ತ ರೋಜಾ, ಉಪವಾಸ ಅಲ್ಲೇನು? ನಿಮಗ ಹೋಟೆಲಿಂದ ತಹರಿ ತರಸ್ತೀನಿ ಅಂತ ಆಗಲೇ ಹೇಳಿದೆನಲ್ಲ."

"ಉಳ್ಳಾಗಡ್ಡಿ..."

ಪರದೆಯ ಆಚೆ ಮಸ್ತಾನಬಿಯ ಬಳೆಯ ಸಪ್ಪಳ ಥಟ್ಟನೆ ನಿಂತಿತು.

ಸಲಾವುದ್ದೀನ್ ಅರವನ್ನು ದೂರ ತಳ್ಳಿದ. ಸಣ್ಣ ಪೇಟಿಯನ್ನು ಎರಡೂ ಕೈಯಲ್ಲಿ ಎತ್ತಿ, ತಾನು ಬಿದ್ದರೂ ತಾಗದಷ್ಟು ದೂರ, ಗೋಡೆಯ ಬುಡಕ್ಕೆ ಸರಿಸಿ ಇಟ್ಟ. ಸೀದ ಉಳ್ಳಾಗಡ್ಡಿಯ ವಾಸನೆ ಈಗ ಅಂಗಡಿಯ ತುಂಬ ಇತ್ತು. ಬಾಗಿಲ ಮೇಲಿನ ಹರಕು ತಿದಿ ಗಾಳಿಗೆ ಅಲ್ಲಾಡಿ ಗುಳಿಗೆಗಳು ಗಲಗಲ ಎಂದವು. ಸವೆದ ಫರಸಿಯ ತಗ್ಗಿನಲ್ಲಿ ಅವನು ಕಾಲು ಮಡಿಚಿ ಕೂತುಕೊಂಡ.